ಕೋಟು ಬಿಚ್ಚಿಡುವ ಕೋಣೆಯಿಂದ ಕರಿ ಕಂಬಳಿಯವರೆಗೆ

ಅಮೆರಿಕದ ಅಧ್ಯಕ್ಷರ ಮನೆ ಶ್ವೇತಭವನದಲ್ಲಿ ಸಿನಿಮಾ ನೋಡೋಕೆ ಅಂತಲೇ ಒಂದು ಕೋಣೆ ಆಗಿದ್ದು 1942ರಲ್ಲಿ. ಅಷ್ಟು ದೊಡ್ಡ ಬಂಗಲೆ, ಜಾಗಕ್ಕೇನು ಬರ ಅಂದುಕೊಳ್ಳಬೇಡಿ. ಬಂದ ಅತಿಥಿಗಳು ಕೋಟು, ಟೋಪಿ ಬಿಚ್ಚಿಡೋಕೆ ಪೂರ್ವದ ಕಡೆ ಒಂದು ಉದ್ದನೆಯ ಕೋಣೆ ಇತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ಅದನ್ನೇ ಥಿಯೇಟರ್ ಮಾಡಿಕೊಂಡರು. ಜಗತ್ತಿನ ಅತ್ಯಂತ ಪ್ರಸಿದ್ಧ ಹೋಂ ಥಿಯೇಟರ್ ಕೂಡ ಬೇರೆ ಕೆಲಸಕ್ಕೆ ಬಾರದೆ ಉಳಿದಿದ್ದ ಜಾಗದಲ್ಲೇ ಹುಟ್ಟಿದ್ದು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮಲ್ಲಿ ತುಂಬಾ ಜನರ ಎರಡು ಬೆಡ್‌ರೂಮಿನ ಫ್ಲಾಟಿನಲ್ಲೂ ಇಂಥದ್ದೊಂದು ಕೋಣೆ ಇದೆ. ಸೂಟ್‌ಕೇಸು, ಬಟ್ಟೆ ಒಣಗಿಸೋ ಸ್ಟ್ಯಾಂಡು, ಹೊಸ ವರ್ಷದ ಹುರುಪಿನಲ್ಲಿ ತಂದ ಟ್ರೆಡ್‌ಮಿಲ್ಲು ಇಟ್ಟಿರೋ ಹತ್ತು ಬೈ ಹನ್ನೆರಡರ ಕೋಣೆ. ಅದನ್ನ ಥಿಯೇಟರ್ ಮಾಡಬೇಕು ಅನ್ನೋ ಆಸೆ ಹುಟ್ಟಿದ ತಕ್ಷಣ ನಾವು ಮಾಡೋ ಮೊದಲ ಕೆಲಸ, ಯಾವ ಪ್ರೊಜೆಕ್ಟರ್ ತಗೋಬೇಕು ಅಂತ ಹುಡುಕೋದು. ಕೋಣೆಯ ಬಗ್ಗೆ ಯೋಚನೆ ಬರೋದು ಕಡೆಗೆ, ದುಡ್ಡೆಲ್ಲ ಖಾಲಿ ಆದ ಮೇಲೆ. ಮನೆಯಲ್ಲಿ ಸಿನಿಮಾ ನೋಡುವ ಆಸೆಗೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಅದನ್ನ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರೆ ಖರ್ಚಿನ ಪಟ್ಟಿ ಯಾವ ಕಡೆಯಿಂದ ಶುರು ಮಾಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೊದಲ ಸಮಸ್ಯೆ ಬೆಂಕಿ

ಸಿನಿಮಾ ಮನೆಯೊಳಗೆ ಬರೋಕೆ ಮೊದಲು ಅಡ್ಡ ಬಂದದ್ದು ದುಡ್ಡಿಗಿಂತ ಹೆಚ್ಚಾಗಿ ಬೆಂಕಿ. ಆ ಕಾಲದ ಫಿಲಂ ಸೆಲ್ಯುಲೋಸ್ ನೈಟ್ರೇಟಿನದು. ಅದು ಉರಿಯೋಕೆ ಹೊರಗಿನ ಗಾಳಿಯೂ ಬೇಡ, ಬೇಕಾದ ಆಮ್ಲಜನಕ ಅದರೊಳಗೇ ಇರುತ್ತೆ. ಒಮ್ಮೆ ಹೊತ್ತಿಕೊಂಡರೆ ನೀರೊಳಗೆ ಮುಳುಗಿಸಿದರೂ ಉರೀತಾನೇ ಇರುತ್ತೆ. ಪ್ರೊಜೆಕ್ಟರಿನ ದೀಪಗಳೂ ಅಷ್ಟೇ ಅಪಾಯಕಾರಿ. 1897ರ ಮೇ 4ರಂದು ಪ್ಯಾರಿಸ್ಸಿನ ಒಂದು ದತ್ತಿ ಸಂತೆಯಲ್ಲಿ ಸಿನಿಮಾ ತೋರಿಸುವಾಗ ಪ್ರೊಜೆಕ್ಟರಿನ ಈಥರ್ ದೀಪದಿಂದ ಬೆಂಕಿ ಹತ್ತಿ 120ಕ್ಕೂ ಹೆಚ್ಚು ಜನ ಸತ್ತರು. ಥಿಯೇಟರುಗಳಲ್ಲಿ ಪ್ರೊಜೆಕ್ಟರಿಗೆ ಬೇರೆಯೇ ಕೋಣೆ, ದಪ್ಪ ಗೋಡೆ, ಸಣ್ಣ ಕಿಂಡಿ ಯಾಕೆ ಇರ್ತಿತ್ತು ಅಂತ ಈಗ ಅರ್ಥ ಆಯ್ತಲ್ಲ?

ಇಂಥದ್ದನ್ನ ನಡುಮನೆಗೆ ಯಾರು ತರ್ತಾರೆ? ಹಾಗಾಗಿ 1912ರಲ್ಲಿ ಎರಡು ಕಂಪನಿಗಳು ಬೇಗ ಹೊತ್ತಿಕೊಳ್ಳದ ಅಸಿಟೇಟ್ ಫಿಲಮ್ಮಿನ ದಾರಿ ಹಿಡಿದವು. ಒಂದು ಎಡಿಸನ್ ಕಂಪನಿ. ಅವರ ಮನೆಬಳಕೆಯ ಕೈನೆಟೋಸ್ಕೋಪಿನಲ್ಲಿ 22 ಮಿಲಿಮೀಟರ್ ಅಗಲದ ಫಿಲಂ, ಅದರಲ್ಲೇ ಮೂರು ಸಾಲು ಚಿತ್ರ. ಇನ್ನೊಂದು ಫ್ರಾನ್ಸಿನ ಪಾಥೆ ಕಂಪನಿಯ 28 ಮಿಲಿಮೀಟರ್ ಯಂತ್ರ. ಎಷ್ಟೋ ಮನೆಗಳಿಗೆ ಆಗಿನ್ನೂ ಕರೆಂಟೇ ಬಂದಿರಲಿಲ್ಲ. ಅದಕ್ಕೆ ಪಾಥೆಯವರು ಕೈಯಲ್ಲಿ ತಿರುಗಿಸೋ ಹ್ಯಾಂಡಲ್ಲಿಗೇ ಡೈನಮೋ ಜೋಡಿಸಿದರು. ಫಿಲಂ ಓಡಿಸೋದೂ ಅದೇ ಕೈ, ದೀಪ ಉರಿಸೋದೂ ಅದೇ ಕೈ. ಕೈ ಸೋತರೆ ಸಿನಿಮಾವೂ ನಿಂತಿತು, ದೀಪವೂ ಆರಿತು. ಎಡಿಸನ್ ಯಂತ್ರ ಮಾರಾಟದಲ್ಲಿ ಸೋತಿತು. ಆದರೆ ಮನೆ ಸಿನಿಮಾ ಅಂದ್ರೆ ಮೊದಲು ಸುರಕ್ಷತೆ ಅನ್ನೋ ಪಾಠ ಅಲ್ಲಿಂದಲೇ ಶುರುವಾಯ್ತು.

1923ರಲ್ಲಿ ಈಸ್ಟ್‌ಮನ್ ಕೊಡಕ್ ಕಂಪನಿ 16 ಮಿಲಿಮೀಟರ್ ಫಿಲಂ ತಂದಿತು. ಕ್ಯಾಮೆರಾ, ಸ್ಟ್ಯಾಂಡು, ಪ್ರೊಜೆಕ್ಟರ್, ಪರದೆ ಎಲ್ಲ ಸೇರಿ 335 ಡಾಲರ್. ಆ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ ಕಾರಿನ ಅಗ್ಗದ ಮಾದರಿ 300 ಡಾಲರಿನ ಒಳಗೇ ಸಿಗ್ತಿತ್ತು. ಕಾರಿಗಿಂತ ಸಿನಿಮಾ ಸೆಟ್ಟೇ ದುಬಾರಿ! 1929ರ ನಂತರ ಆರ್ಥಿಕ ಕುಸಿತ ಬಂದಾಗ ಕೊಳ್ಳೋರು ಕಡಿಮೆಯಾದರು. ಆಗ ಕೊಡಕ್‌ನವರು ಅದೇ 16 ಮಿಲಿಮೀಟರ್ ಫಿಲಮ್ಮನ್ನ ಒಮ್ಮೆ ಈ ಅಂಚಿನಲ್ಲಿ, ಮತ್ತೊಮ್ಮೆ ಆ ಅಂಚಿನಲ್ಲಿ ಓಡಿಸಿ, ತೊಳೆದ ಮೇಲೆ ಉದ್ದಕ್ಕೆ ಸೀಳುವ ಉಪಾಯ ಮಾಡಿದರು. ಅದೇ 1932ರ 8 ಮಿಲಿಮೀಟರ್. ಅರ್ಧ ಅಗಲ, ಚಿತ್ರವೂ ಸಣ್ಣದು, ಫಿಲಮ್ಮಿನ ಖರ್ಚು ಕಾಲು ಭಾಗಕ್ಕೆ ಇಳಿಯಿತು. ಬಜೆಟ್ ಹೋಂ ಥಿಯೇಟರ್ ಅನ್ನೋದು ಹೊಸ ಕಾಲದ ಚಟ ಅಲ್ಲ ನೋಡಿ. ಅದಕ್ಕೂ ಹೆಚ್ಚುಕಡಿಮೆ ನೂರು ವರ್ಷ.

ಮನೆಯ ಕಪಾಟು ಉಳಿಸಿಕೊಟ್ಟ ಸಿನಿಮಾ

ಯಂತ್ರ ಕೊಂಡಾಯ್ತು, ನೋಡೋದೇನು? 1920ರ ದಶಕದಲ್ಲಿ ಕೊಡಕ್‌ನವರು 16 ಮಿಲಿಮೀಟರಿಗೆ ಇಳಿಸಿದ ಸಿನಿಮಾಗಳನ್ನ ಬಾಡಿಗೆಗೆ ಕೊಡೋ ಲೈಬ್ರರಿ ತೆರೆದರು. ಯೂರೋಪಿನಲ್ಲಿ ಪಾಥೆಯವರ 9.5 ಮಿಲಿಮೀಟರ್ ರೀಲುಗಳು 1922ರಿಂದ ಮನೆಮನೆಗೆ ಹೋದವು. ಆಮೇಲೆ ಆದದ್ದು ಯಾರೂ ಎಣಿಸದೇ ಇದ್ದದ್ದು. ಸ್ಟುಡಿಯೋಗಳ ಗೋದಾಮಿನಲ್ಲಿದ್ದ ನೈಟ್ರೇಟ್ ಪ್ರತಿಗಳು ಸುಟ್ಟುಹೋದವು, ಕೊಳೆತವು, ಬೆಳ್ಳಿಗೋಸ್ಕರ ಕರಗಿಸಿದ್ದೂ ಉಂಟು. ಎಷ್ಟೋ ಮೂಕಿ ಚಿತ್ರಗಳು ಇವತ್ತು ನಮಗೆ ಸಿಗ್ತಿದ್ರೆ, ಅದು ಯಾರದೋ ಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ ಆ ಸಣ್ಣ ರೀಲುಗಳಿಂದ.

1954ರಲ್ಲಿ ಇಂಗ್ಲೆಂಡಿನ ಕೆವಿನ್ ಬ್ರೌನ್‌ಲೋ ಅನ್ನೋ ಶಾಲಾ ಹುಡುಗನಿಗೆ ಮನೆಬಳಕೆಯ 9.5 ಮಿಲಿಮೀಟರಿನ ಒಂದೆರಡು ರೀಲು ಸಿಕ್ಕವು. ಆಬೆಲ್ ಗಾನ್ಸ್ ನಿರ್ದೇಶಿಸಿದ 1927ರ ‘ನೆಪೋಲಿಯನ್’ ಚಿತ್ರದ ತುಣುಕುಗಳು. ಮೂಲ ಚಿತ್ರವನ್ನ ಕತ್ತರಿಸಿ ಕತ್ತರಿಸಿ ಜಗತ್ತು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. ಹುಡುಗ ಬಿಡಲಿಲ್ಲ. ಇಪ್ಪತ್ತೈದು ವರ್ಷ ತುಣುಕು ತುಣುಕು ಹುಡುಕಿ ಜೋಡಿಸಿದ. 1979ರಲ್ಲಿ ಅಮೆರಿಕದ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ಅದನ್ನ ತೋರಿಸಿದಾಗ 89 ವರ್ಷದ ಗಾನ್ಸ್ ಸ್ವತಃ ಅಲ್ಲಿದ್ದರು. ಮರುವರ್ಷ ಲಂಡನ್ನಿನಲ್ಲಿ ಆರ್ಕೆಸ್ಟ್ರಾ ಜೊತೆಗೆ ಸುಮಾರು ಐದು ಗಂಟೆಯ ಪ್ರದರ್ಶನ ನಡೀತು. ಇದೆಲ್ಲ ಒಂದು ಮನೆಯಲ್ಲಿ ಪ್ರೊಜೆಕ್ಟರ್ ಇದ್ದುದರ ಫಲ.

ಈಗ ನಮ್ಮ ಕಡೆ ನೋಡಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾಗಿದ್ದು 1934ರಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ದ ಗತಿಯೂ ಅದೇ. ನಮ್ಮ ಮನೆಗಳಲ್ಲಿ ಆಗ ಪ್ರೊಜೆಕ್ಟರ್ ಇರಲಿಲ್ಲ, ಕಪಾಟಿನಲ್ಲಿ ರೀಲೂ ಇರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ರಾತ್ರಿ ಹೊತ್ತು ಮೆತ್ತೆ ಸಾಗಿಸಿದ ಮೇಷ್ಟ್ರು

ಕೋಣೆಯ ಚರಿತ್ರೆಗೆ ಬರೋಣ. ಇದು ಸಿನಿಮಾಕ್ಕಿಂತಲೂ ಆಚೆಯದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರ ತಯಾರಾಯ್ತು. ನೋಡೋಕೆ ಚಂದ, ಆದರೆ ಮೇಷ್ಟ್ರು ಮಾತಾಡಿದರೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಒಮ್ಮೆ ಆಡಿದ ಶಬ್ದ ಐದೂವರೆ ಸೆಕೆಂಡ್ ಗೋಡೆಯಿಂದ ಗೋಡೆಗೆ ಸುತ್ತುತ್ತಾ ಇರ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತು ಪದ ಬಂದು ಅದರ ಮೇಲೇ ಬೀಳ್ತಿದ್ದವು. ಇದನ್ನ ಸರಿ ಮಾಡು ಅಂತ ವಾಲೇಸ್ ಸ್ಯಾಬಿನ್ ಅನ್ನೋ ಇಪ್ಪತ್ತೇಳರ ಭೌತಶಾಸ್ತ್ರದ ಮೇಷ್ಟ್ರಿಗೆ ಒಪ್ಪಿಸಿದರು.

ಸ್ಯಾಬಿನ್ ಹತ್ತಿರ ಇದ್ದದ್ದು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಯಂತ್ರ, ಮತ್ತೆ ಸ್ವಂತ ಕಿವಿ. ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನದ ಮೆತ್ತೆಗಳನ್ನ ಹೊರಿಸಿಕೊಂಡು ಬರೋದು, ಒಂದಿಷ್ಟು ಹಾಸೋದು, ಕೊಳವೆ ಊದಿಸೋದು, ಶಬ್ದ ಎಷ್ಟು ಹೊತ್ತಿಗೆ ಸಾಯುತ್ತೆ ಅಂತ ಅಳೆಯೋದು. ಮತ್ತಷ್ಟು ಮೆತ್ತೆ, ಮತ್ತೊಮ್ಮೆ ಅಳತೆ. ಬೆಳಗಾಗೋದರೊಳಗೆ ಮೆತ್ತೆಗಳೆಲ್ಲ ವಾಪಸ್ ಅವುಗಳ ಜಾಗಕ್ಕೆ. ಹೀಗೆ ಎಷ್ಟೋ ರಾತ್ರಿ ಕಳೆದ ಮೇಲೆ ಒಂದು ಸರಳ ಸೂತ್ರ ಕೈಗೆ ಸಿಕ್ಕಿತು. ಕೋಣೆಯ ಘನ ಅಳತೆಯನ್ನ 0.161ರಿಂದ ಗುಣಿಸಿ, ಕೋಣೆ ಒಟ್ಟು ಎಷ್ಟು ಶಬ್ದ ಹೀರುತ್ತೋ ಅದರಿಂದ ಭಾಗಿಸಿದರೆ, ಗುಂಯ್‌ಗುಡುವಿಕೆ ಎಷ್ಟು ಸೆಕೆಂಡ್ ಅಂತ ಗೊತ್ತಾಗುತ್ತೆ. ಹೀರುವಿಕೆಗೆ ಸ್ಯಾಬಿನ್ ಇಟ್ಟ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಶಬ್ದ ವಾಪಸ್ ಬರಲ್ಲ ತಾನೇ? 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದ್ದು ಇದೇ ಲೆಕ್ಕದಿಂದ. ಸಂಗೀತ ಕೇಳೋಕೆ ಜಗತ್ತಿನ ಅತ್ಯುತ್ತಮ ಸಭಾಂಗಣಗಳಲ್ಲಿ ಅದನ್ನ ಇವತ್ತಿಗೂ ಎಣಿಸ್ತಾರೆ.

ನಿಮ್ಮ ಹತ್ತು ಬೈ ಹನ್ನೆರಡರ ಕೋಣೆಗೆ ಈ ಲೆಕ್ಕ ಹಾಕಿ. ಎತ್ತರ ಹತ್ತಡಿ ಅಂದ್ರೆ ಒಟ್ಟು ಸುಮಾರು 34 ಘನ ಮೀಟರ್. ವಿಟ್ರಿಫೈಡ್ ಟೈಲು, ಪುಟ್ಟಿ ಹಚ್ಚಿದ ಗೋಡೆ, ಖಾಲಿ ಚಾವಣಿ. ಇವೆಲ್ಲ ಸೇರಿ ಹೀರೋದು ಒಂದೆರಡು ಚದರ ಮೀಟರ್ ಕಿಟಕಿ ಹೀರುವಷ್ಟು ಶಬ್ದ. ಹಾಗಾಗಿ ಖಾಲಿ ಕೋಣೆ ಎರಡು ಮೂರು ಸೆಕೆಂಡ್ ಗುಂಯ್ ಅನ್ನುತ್ತೆ. ಮಾತು ಸ್ಪಷ್ಟವಾಗಿ ಕೇಳೋಕೆ ಅದು 0.4 ಸೆಕೆಂಡಿನ ಹತ್ತಿರ ಬರಬೇಕು. ಅದಕ್ಕೆ ಬೇಕಾದ್ದು ಸುಮಾರು 14 ಚದರ ಮೀಟರ್ ‘ಕಿಟಕಿ’. ಇಲ್ಲಿ ಕಿಟಕಿ ಅಂದ್ರೆ ದಪ್ಪ ಕಾರ್ಪೆಟ್ಟು, ಸೋಫಾ, ಹತ್ತಿ ಹಾಸಿಗೆ, ನೆರಿಗೆ ಬಿಟ್ಟ ದಪ್ಪ ಪರದೆ. ಇದು ಆಗದೆ ಎಷ್ಟು ದುಬಾರಿ ಸ್ಪೀಕರ್ ತಂದರೂ ‘ಡೈಲಾಗ್ ಕೇಳಿಸ್ತಿಲ್ಲ, ಸಬ್‌ಟೈಟಲ್ ಹಾಕು’ ಅನ್ನೋ ಮಾತು ತಪ್ಪಲ್ಲ.

ನಮ್ಮ ಟೆಂಟ್ ಸಿನಿಮಾದ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ, ಬಟ್ಟೆಯ ಗೋಡೆ. ಅಲ್ಲಿ ಸಾಮಾನ್ಯವಾಗಿ ಇರ್ತಿದ್ದದ್ದು ಕತ್ತಲಾದ ಮೇಲಿನ ಎರಡು ಆಟ. ಹಗಲು ಹೊತ್ತಿನಲ್ಲಿ ಟೆಂಟಿನೊಳಗೆ ಕತ್ತಲೆ ಮಾಡೋದು ಹೇಗೆ? ಸೂರ್ಯ ಮುಳುಗೋವರೆಗೆ ಕಾಯ್ತಿದ್ದರು, ಅಷ್ಟೇ. ಬಟ್ಟೆ ಗೋಡೆಯಿಂದ ಶಬ್ದ ಹೊರಗೆ ಹೋಗಿಬಿಡುತ್ತೆ, ತಿರುಗಿ ಬಂದು ಮಾತನ್ನ ಕಲಸೋದಿಲ್ಲ. ಅರ್ಧ ಊರಿಗೆ ಪುಕ್ಕಟೆ ಡೈಲಾಗ್ ಕೇಳ್ತಿತ್ತು ಅನ್ನೋದು ಬೇರೆ ವಿಷಯ. ಕತ್ತಲೆಯೂ, ಗುಂಯ್ ಅನ್ನದ ಜಾಗವೂ ಟೆಂಟಿನವರಿಗೆ ಖರ್ಚಿಲ್ಲದೆ ಸಿಕ್ಕಿದ್ದವು. ಕಾಂಕ್ರೀಟಿನ ಕೋಣೆಯಲ್ಲಿ ಎರಡನ್ನೂ ನಾವು ಮಾಡಿಕೊಳ್ಳಬೇಕು.

ಸಣ್ಣ ಡಬ್ಬ, ದೊಡ್ಡ ಪರದೆ

ಹೋಂ ಥಿಯೇಟರಿಗೆ ಒಬ್ಬ ಅಪ್ಪ ಅಂತ ಇದ್ದರೆ ಅದು ಹೆನ್ರಿ ಕ್ಲಾಸ್. 1954ರವರೆಗೆ ಸ್ಪೀಕರಿನಲ್ಲಿ ಆಳವಾದ ಗಡುಸು ಶಬ್ದ, ಅಂದ್ರೆ ಬಾಸ್, ಬೇಕು ಅಂದ್ರೆ ಗೋದ್ರೇಜ್ ಬೀರು ಗಾತ್ರದ ಡಬ್ಬ ಇಡಬೇಕಿತ್ತು. ಎಡ್ಗರ್ ವಿಲ್ಚರ್ ಅನ್ನೋರು ಪೂರ್ತಿ ಮುಚ್ಚಿದ ಸಣ್ಣ ಡಬ್ಬದೊಳಗಿನ ಗಾಳಿಯನ್ನೇ ಸ್ಪ್ರಿಂಗಿನ ಹಾಗೆ ಬಳಸೋ ಉಪಾಯ ಕಂಡುಹಿಡಿದರು. ಅವರ ಜೊತೆ ಸೇರಿ ಆ ವರ್ಷ ಕಂಪನಿ ಕಟ್ಟಿದವನು ಕ್ಲಾಸ್. ಇವತ್ತು ಪುಸ್ತಕದ ಶೆಲ್ಫಿನಲ್ಲಿ ಕೂರೋ ಸ್ಪೀಕರುಗಳಿಗೆ ಅದೇ ಮೂಲ. ನಾಲ್ಕು ವರ್ಷದ ನಂತರ ಸ್ಟೀರಿಯೋ ಎಲ್‌ಪಿ ಬಂತು, ಮನೆಗೆ ಒಂದರ ಬದಲು ಎರಡು ಸ್ಪೀಕರ್ ಬೇಕಾಯ್ತು. ಎರಡು ಬೀರು ಇಡೋ ಜಾಗ ಯಾರ ಮನೆಯಲ್ಲಿದೆ?

ಕ್ಲಾಸ್ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಅವನ ಅಡ್ವೆಂಟ್ ಕಂಪನಿ ಮನೆಗೆ ಅಂತ ಏಳಡಿ ಪರದೆಯ ಟೀವಿ ಪ್ರೊಜೆಕ್ಟರ್ ತಂದಿತು. ಕೆಂಪು, ಹಸಿರು, ನೀಲಿಗೆ ಒಂದೊಂದು ಟ್ಯೂಬು, ಎದುರಿಗೆ ಸ್ವಲ್ಪ ಬಾಗಿದ ವಿಶೇಷ ಪರದೆ. ಬೆಳಕು ಕಮ್ಮಿ, ಬೆಲೆ ಜಾಸ್ತಿ. ಕೋಣೆ ಕತ್ತಲಾಗಿದ್ದರೆ ಮಾತ್ರ ಚಿತ್ರ ಚೆನ್ನಾಗಿ ಕಾಣ್ತಿತ್ತು. ಆದರೂ ಮನೆಗೋಡೆಯ ಮೇಲೆ ಏಳಡಿ ಚಿತ್ರ ಸಾಧ್ಯ ಅಂತ ಮೊದಲ ಸಲ ಜನ ಕಣ್ಣಾರೆ ಕಂಡರು.

ಒಂದು ರಾತ್ರಿಯ ಬಾಡಿಗೆ

1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್ ಬಂದವು. ಮೊದಲು ಬಂದ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಹಿಡೀತಿತ್ತು, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಒಂದು ಹಾಲಿವುಡ್ ಸಿನಿಮಾ ಪೂರ್ತಿ ಹಿಡಿಸೋದು ಯಾವುದರಲ್ಲಿ ಅಂತ ನೀವೇ ಹೇಳಿ. ವಿಎಚ್‌ಎಸ್ ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಸಿನಿಮಾ ಕಂಪನಿಗಳಿಗೆ ಗಾಬರಿ. ಯೂನಿವರ್ಸಲ್, ಡಿಸ್ನಿ ಸೇರಿ 1976ರಲ್ಲಿ ಸೋನಿ ಮೇಲೆ ಕೇಸು ಹಾಕಿದವು. ಜನ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಳ್ಳೋದು ಕಳ್ಳತನ, ಯಂತ್ರ ಮಾಡಿದವರೂ ಅದರಲ್ಲಿ ಪಾಲುದಾರರು ಅನ್ನೋದು ಅವರ ವಾದ. ಕೆಳಗಿನ ಕೋರ್ಟಿನಲ್ಲಿ ಸೋನಿ ಗೆದ್ದಿತು, ಮೇಲಿನ ಕೋರ್ಟಿನಲ್ಲಿ ಸೋತಿತು. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಟೀವಿಯಲ್ಲಿ ಬಂದದ್ದನ್ನ ಆಮೇಲೆ ನೋಡೋಕೆ ಅಂತ ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ತಪ್ಪಲ್ಲ. ಐದು ಜನ ನ್ಯಾಯಮೂರ್ತಿಗಳು ಈ ಕಡೆ, ನಾಲ್ಕು ಜನ ಆ ಕಡೆ. ಒಂದೇ ಒಂದು ಮತ ಆಚೀಚೆ ಆಗಿದ್ದರೆ ಈ ಚರಿತ್ರೆಯೇ ಬೇರೆ ಆಗ್ತಿತ್ತು. ಕೇಸು ಸೋತ ಕಂಪನಿಗಳಿಗೆ ಕೆಲವೇ ವರ್ಷದಲ್ಲಿ ಥಿಯೇಟರಿಗಿಂತ ಹೆಚ್ಚು ದುಡ್ಡು ಕ್ಯಾಸೆಟ್ಟಿನಿಂದಲೇ ಬಂತು ಅನ್ನೋದು ತಮಾಷೆ.

ನಮ್ಮಲ್ಲಿ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಟೀವಿಗೆ ಬಣ್ಣ ಬಂತು, ಹಿಂದೆಯೇ ವಿಡಿಯೋವೂ ಬಂತು. ಕೊಳ್ಳೋ ಶಕ್ತಿ ಇದ್ದದ್ದು ಕೆಲವರಿಗೆ. ಉಳಿದವರು ಏನು ಮಾಡಿದರು? ಶನಿವಾರ ಸಂಜೆ ಕಲರ್ ಟೀವಿ, ವಿಸಿಪಿ, ಮೂರು ಕ್ಯಾಸೆಟ್ಟು ಒಟ್ಟಿಗೆ ಬಾಡಿಗೆಗೆ ತಂದರು. ನಾಲ್ಕಾರು ಮನೆಯವರು ದುಡ್ಡು ಹಾಕಿಕೊಂಡರು. ವಠಾರದ ಅತಿ ದೊಡ್ಡ ಹಾಲ್ ಯಾರ ಮನೇಲಿದೆಯೋ ಅಲ್ಲಿ ಚಾಪೆ ಹಾಸಿ, ಮಕ್ಕಳು ಮುಂದೆ, ಅಜ್ಜಿಯರು ಗೋಡೆಗೊರಗಿ, ಬಾಗಿಲಲ್ಲಿ ನಿಂತವರು ನಿಂತೇ. ಬಾಡಿಗೆ ಒಂದು ರಾತ್ರಿಗೆ, ಹಾಗಾಗಿ ಮೂರೂ ಸಿನಿಮಾ ಅವತ್ತೇ ಮುಗಿಸಬೇಕು. ಗಣೇಶನ ಹಬ್ಬದಲ್ಲಿ ರಸ್ತೆಗೆ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟಿ 16 ಮಿಲಿಮೀಟರಿನಲ್ಲಿ ಸಿನಿಮಾ ತೋರಿಸುತ್ತಿದ್ದ ಕಾಲವೂ ಅದೇ. ಬಟ್ಟೆಯ ಹಿಂದೆ ಕೂತವರಿಗೆ ನಾಯಕ ಎಡಗೈಯಲ್ಲಿ ಹೊಡೀತಿದ್ದ, ಅಷ್ಟೇ ವ್ಯತ್ಯಾಸ. ಬಜೆಟ್ ಅನ್ನೋ ಸಮಸ್ಯೆಗೆ ನಮ್ಮ ಅಪ್ಪ ಅಮ್ಮಂದಿರು ಕಂಡುಕೊಂಡ ಉತ್ತರ ಹಂಚಿಕೊಳ್ಳೋದು.

ಹಿಂದಿನಿಂದ ಬಂದ ಶಬ್ದ, ಕನ್ನಡಿಯಿಂದ ಬಂದ ಬೆಳಕು

ರೇ ಡಾಲ್ಬಿ ಹೆಸರು ನಿಮ್ಮ ಫೋನಿನ ಮೇಲೂ ಇರಬಹುದು. 1963ರಿಂದ ಎರಡು ವರ್ಷ ಆತ ಭಾರತದಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ಸಲಹೆಗಾರರಾಗಿ ಕೆಲಸ ಮಾಡಿದ್ದರು. ಇಲ್ಲಿಂದ ಲಂಡನ್ನಿಗೆ ವಾಪಸ್ ಹೋಗಿ 1965ರಲ್ಲಿ ಕಂಪನಿ ಶುರು ಮಾಡಿದ್ದು. 1970ರ ದಶಕದಲ್ಲಿ ಅವರ ಕಂಪನಿ ಫಿಲಮ್ಮಿನ ಅಂಚಿನ ಎರಡೇ ಟ್ರ್ಯಾಕುಗಳಲ್ಲಿ ನಾಲ್ಕು ದಿಕ್ಕಿನ ಶಬ್ದ ಅಡಗಿಸಿಟ್ಟಿತು: ಎಡ, ನಡು, ಬಲ, ಹಿಂದೆ. 1977ರ ‘ಸ್ಟಾರ್ ವಾರ್ಸ್’ನಿಂದ ಅದು ಮನೆಮಾತಾಯ್ತು. ಆ ಸಿನಿಮಾಗಳನ್ನ ಸ್ಟೀರಿಯೋ ಕ್ಯಾಸೆಟ್ಟಿಗೆ ಇಳಿಸಿದಾಗ ಅಡಗಿದ್ದ ಶಬ್ದವೂ ಜೊತೆಗೇ ಮನೆಗೆ ಬಂತು! ಅದನ್ನ ಬಿಡಿಸಿ ಹಿಂದಿನ ಸ್ಪೀಕರಿಗೆ ಕಳಿಸೋ ಡಬ್ಬ 1982ರಲ್ಲಿ, ನಡುವಿನ ಸ್ಪೀಕರಿಗೂ ಕಳಿಸೋ ಡಬ್ಬ 1987ರಲ್ಲಿ ಬಂತು. ಡೈಲಾಗ್ ಬರೋದು ಹೆಚ್ಚಾಗಿ ಆ ನಡುವಿನ ಸ್ಪೀಕರಿನಿಂದ. 1996ರ ಕೊನೆಗೆ ಡಿವಿಡಿ ಬಂದ ಮೇಲೆ ಐದು ಸ್ಪೀಕರು, ಒಂದು ಸಬ್‌ವೂಫರ್ ಸೇರಿ 5.1 ಅನ್ನೋದು ಎಲ್ಲರ ಬಾಯಲ್ಲಿ ಬಂತು.

ಬೆಳಕಿನ ಕಡೆ ನೋಡಿದರೆ, 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕೂದಲಿನ ದಪ್ಪಕ್ಕಿಂತ ಸಣ್ಣ ಕನ್ನಡಿಗಳನ್ನ ಲಕ್ಷಗಟ್ಟಲೆ ಒಂದು ಚಿಪ್ಪಿನ ಮೇಲೆ ಕೂರಿಸುವ ವಿದ್ಯೆ ಕಂಡುಹಿಡಿದರು. ಒಂದೊಂದು ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ವಾಲಿ ಬೆಳಕನ್ನ ಪರದೆಗೆ ಕಳಿಸುತ್ತೆ, ಇಲ್ಲವೇ ತಡೆಯುತ್ತೆ. 1996ರಲ್ಲಿ ಅದರ ಪ್ರೊಜೆಕ್ಟರ್ ಮಾರುಕಟ್ಟೆಗೆ ಬಂತು. 2015ರಲ್ಲಿ ಹಾರ್ನ್‌ಬೆಕ್‌ಗೆ ಆಸ್ಕರ್ ಪ್ರತಿಮೆಯೂ ಸಿಕ್ಕಿತು. ಇನ್ನೊಂದು ಕಡೆ, 1990ರ ದಶಕದ ನೀಲಿ ಎಲ್‌ಇಡಿಯಿಂದಾಗಿ ಬಿಳಿ ಬೆಳಕು ಅಗ್ಗವಾಯ್ತು. ಅದರ ಹಿಂದಿದ್ದ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಬಂತು. ಇವತ್ತು ಆನ್‌ಲೈನಿನಲ್ಲಿ ಸಿಗೋ ಅಗ್ಗದ ಪ್ರೊಜೆಕ್ಟರುಗಳ ಒಳಗಿರೋದು ಆ ಎಲ್‌ಇಡಿ ದೀಪ, ಮುಂದೊಂದು ಎಲ್‌ಸಿಡಿ ಫಲಕ.

ಈಗ ಲೆಕ್ಕ

ಡಿಜಿಟಲ್ ಸಿನಿಮಾ ಮಂದಿರಗಳಿಗೆ ಒಂದು ನಿಯಮ ಇದೆ: ಪರದೆಯ ನಡುವೆ ಹೊಳಪು 14 ಫುಟ್ ಲ್ಯಾಂಬರ್ಟ್ ಇರಬೇಕು. ಸಾದಾ ಬಿಳಿ ಪರದೆಯಾದರೆ ಚದರಡಿಗೆ 14 ಲ್ಯೂಮೆನ್ ಬೆಳಕು ಬಿದ್ದರೆ ಆಯ್ತು. ನೂರು ಇಂಚಿನ ಪರದೆ ಅಂದ್ರೆ ಏಳೂಕಾಲು ಅಡಿ ಅಗಲ, ನಾಲ್ಕಡಿ ಎತ್ತರ, ಸುಮಾರು 30 ಚದರಡಿ. ಮೂವತ್ತು ಹದಿನಾಲ್ಕಲೆ 420. ಅಂದ್ರೆ ಪೂರ್ತಿ ಕತ್ತಲಾದ ಕೋಣೆಯಲ್ಲಿ ನಿಜವಾದ 420 ಲ್ಯೂಮೆನ್ ಇದ್ದರೆ ಮಲ್ಟಿಪ್ಲೆಕ್ಸಿನ ಹೊಳಪು ಮನೆಗೆ ಬಂತು. ‘ನಿಜವಾದ’ ಅನ್ನೋ ಪದಕ್ಕೆ ಗಮನ ಕೊಡಿ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಹಾಕಿರೋ ಸಂಖ್ಯೆ ಬಿಟ್ಟು, ಆನ್ಸಿ ಲ್ಯೂಮೆನ್ ಎಷ್ಟು ಅಂತ ಕೇಳಿ. ಕಿಟಕಿಯಿಂದ ಬೆಳಕು ಬರ್ತಿದ್ದರೆ ಮಾತ್ರ ಈ ಲೆಕ್ಕ ಸತ್ತಂತೆ. ಆಗ ಐದು ಪಟ್ಟು ದುಬಾರಿ ಯಂತ್ರ ತಂದರೂ ಚಿತ್ರದ ಕಪ್ಪು ಬೂದಿಯಾಗೇ ಕಾಣುತ್ತೆ. ಹಾಗಾಗಿ ಮೊದಲ ಖರ್ಚು ಬ್ಲ್ಯಾಕೌಟ್ ಕರ್ಟನ್ನು. ಪ್ರೊಜೆಕ್ಟರಿಗೆ ಸುರಿಯೋ ದುಡ್ಡಿನ ದೊಡ್ಡ ಪಾಲು ಅಲ್ಲೇ ಉಳಿಯುತ್ತೆ. ನೂರು ಇಂಚಿಗೆ ಹತ್ತು ಹನ್ನೊಂದು ಅಡಿ ದೂರದಲ್ಲಿ ಕೂತರೆ ಸರಿಯಾಗುತ್ತೆ. ಕೋಣೆ ಅದಕ್ಕಿಂತ ಚಿಕ್ಕದಾದರೆ ಪರದೆಯನ್ನೂ ಚಿಕ್ಕದು ಮಾಡಿ.

ಎರಡನೇ ಖರ್ಚು ಗೋಡೆ. ಬಾಡಿಗೆ ಮನೆಯಲ್ಲಿ ಗೋಡೆಗೆ ಕಪ್ಪು ಬಣ್ಣ ಹೊಡೆಯೋಕೆ ಓನರ್ ಬಿಡ್ತಾರಾ? ನಮ್ಮಲ್ಲಿ ಅದಕ್ಕೊಂದು ಹಳೇ ವಸ್ತು ಇದೆ, ಚಳ್ಳಕೆರೆ ಕಡೆಯ ಕರಿ ಕಂಬಳಿ. ಕಪ್ಪು, ಒರಟು, ಹೊಳಪಿಲ್ಲ, ಪರದೆಯಿಂದ ಚಿಮ್ಮಿದ ಬೆಳಕನ್ನ ವಾಪಸ್ ಕೊಡಲ್ಲ. ಉಣ್ಣೆ ಆದ್ದರಿಂದ ಶಬ್ದ ಹೀರುತ್ತೆ, ಬೇಗ ಹೊತ್ತಿಕೊಳ್ಳೋದೂ ಇಲ್ಲ. ಎರಡು ಪದರ ಮಾಡಿ, ಗೋಡೆಗೆ ಅಂಟಿಸದೆ ಮೂರು ನಾಲ್ಕು ಇಂಚು ಬಿಟ್ಟು ನೇತು ಹಾಕಿದರೆ ಇನ್ನೂ ಕೆಳಗಿನ ಸ್ವರಗಳನ್ನೂ ಹಿಡಿಯುತ್ತೆ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ನೆಲಕ್ಕೆ ಹಳೇ ಜಮಖಾನ. ಮೊಟ್ಟೆ ಟ್ರೇ ಅಂಟಿಸೋದರಿಂದ ಹೆಚ್ಚೇನೂ ಪ್ರಯೋಜನ ಇಲ್ಲ. ಅಗ್ಗದ ಪಾಲಿಯುರೆಥೇನ್ ಫೋಮಿನ ಬಗ್ಗೆ ಮಾತ್ರ ಎಚ್ಚರ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ನೈಟ್‌ಕ್ಲಬ್ಬಿನಲ್ಲಿ ಶಬ್ದ ತಡೆಯೋಕೆ ಅಂತ ಗೋಡೆಗೆ ಹಚ್ಚಿದ್ದ ಅಂಥ ಫೋಮಿಗೆ ಬೆಂಕಿ ಹತ್ತಿ 100 ಜನ ಸತ್ತರು. ನೈಟ್ರೇಟನ್ನ ಮನೆಯಿಂದ ಹೊರಗಿಡೋಕೆ ಅಷ್ಟು ಪಾಡು ಪಟ್ಟ ಮೇಲೆ ಅಂಥದ್ದನ್ನೇ ಗೋಡೆಗೆ ಹಚ್ಚಿಕೊಳ್ಳೋದು ಬೇಡ. ವೈರಿಂಗ್ ಹಳೇದಾಗಿದ್ದರೆ ಎಲೆಕ್ಟ್ರಿಷಿಯನ್ನನ್ನ ಕರೆಸಿ, ಬಟ್ಟೆಯ ಹಿಂದೆ ಪ್ಲಗ್ ಪಾಯಿಂಟ್ ಮುಚ್ಚಿ ಹೋಗದ ಹಾಗೆ ನೋಡಿಕೊಳ್ಳಿ.

ಮೂರನೇದು ಶಬ್ದ. ಎರಡು ಒಳ್ಳೇ ಸ್ಪೀಕರಿನಿಂದ ಶುರು ಮಾಡಿ, ಆಮೇಲೆ ನಡುವಿನದು, ಹಿಂದಿನವು ಕಡೆಗೆ. ಸಬ್‌ವೂಫರಿಗೆ ಅವಸರ ಬೇಡ. 30 ಹರ್ಟ್ಸ್ ಶಬ್ದದ ಅಲೆ ಹನ್ನೊಂದು ಮೀಟರಿಗೂ ಉದ್ದ, ನಿಮ್ಮ ಕೋಣೆಯ ಮೂರು ಪಟ್ಟು. ಕಂಬಳಿ ಅದನ್ನ ತಡೆಯಲ್ಲ, ಸೀದಾ ಕೆಳಗಿನ ಮನೆಯವರ ಚಾವಣಿಗೆ ಹೋಗುತ್ತೆ. ಶಬ್ದ ಹೀರೋದೇ ಬೇರೆ, ಶಬ್ದ ಆಚೆ ಹೋಗದಂತೆ ತಡೆಯೋದೇ ಬೇರೆ. ಎರಡನೇದಕ್ಕೆ ಭಾರ ಬೇಕು, ಸಂದು ಮುಚ್ಚಬೇಕು. ಬಾಗಿಲ ಕೆಳಗಿನ ಸಂದಿಗೆ ಒಂದು ರಬ್ಬರ್ ಪಟ್ಟಿ ಹಾಕೋದು ಈ ಪಟ್ಟಿಯಲ್ಲೇ ಅತಿ ಕಡಿಮೆ ಖರ್ಚಿನ ಕೆಲಸ. ಪ್ರೊಜೆಕ್ಟರ್ ಕೊನೆಗೆ, ಉಳಿದ ದುಡ್ಡಿನಲ್ಲಿ. ವರ್ಷ ಕಳೆದ ಹಾಗೆ ಅಗ್ಗವಾಗ್ತಾ ಬಂದಿರೋದು ಯಂತ್ರ ಮಾತ್ರ ಅನ್ನೋದನ್ನ ಇಷ್ಟು ಹೊತ್ತು ನೋಡಿದ್ದೇವಲ್ಲ.

ಇನ್ನೂ ಒಂದು ಉಳೀತು, ಕಪಾಟು. ಹಿಂದಿನವರ ಮನೇಲಿ ರೀಲಿತ್ತು, ಕ್ಯಾಸೆಟ್ಟಿತ್ತು, ಡಿವಿಡಿ ಇತ್ತು. ನಮ್ಮ ಕೋಣೆಯಲ್ಲಿ ಇರೋದು ತಿಂಗಳ ಚಂದಾ. ಓಟಿಟಿಯವರ ಒಪ್ಪಂದ ಮುಗಿದ ದಿನ ಸಿನಿಮಾ ನಮ್ಮ ಪರದೆಯಿಂದ ಮಾಯ, ಅದು ಬಂದೇ ಇಲ್ಲ ಅನ್ನೋ ಹಾಗೆ. ಸಣ್ಣ ಭಾಷೆಯ, ಸಣ್ಣ ಬಜೆಟ್ಟಿನ, ಹಳೇ ಸಿನಿಮಾಗಳಿಗೆ ಈ ಅಪಾಯ ಜಾಸ್ತಿ. 1984ರ ತೀರ್ಪಿನಲ್ಲಿ ಒಂದು ಮತದಿಂದ ಗೆದ್ದ ಹಕ್ಕನ್ನ ನಾವು ಗಲಾಟೆಯೇ ಇಲ್ಲದೆ ಬಿಟ್ಟುಕೊಟ್ಟಿದ್ದೇವೆ. ಹಾಗಾಗಿ ಬಜೆಟ್ಟಿನಲ್ಲಿ ಒಂದು ಅಡಿ ಕಪಾಟಿಗೂ ಜಾಗ ಇರಲಿ. ಮನೇಲಿರೋ ಕನ್ನಡ ಸಿನಿಮಾದ ಡಿವಿಡಿಗಳನ್ನ ರದ್ದಿಗೆ ಹಾಕಬೇಡಿ, ಓಡೋ ಪ್ಲೇಯರ್ ಒಂದನ್ನ ಉಳಿಸಿಕೊಳ್ಳಿ. ಅಟ್ಟದ ಮೇಲೆ ಅಪ್ಪನ ಕಾಲದ ಮದುವೆ ಕ್ಯಾಸೆಟ್ಟಿದ್ದರೆ ಟೇಪಿಗೆ ಬೂಸಲು ಹಿಡಿಯೋ ಮುಂಚೆ ಡಿಜಿಟಲ್ ಮಾಡಿಸಿ. ‘ಸತಿ ಸುಲೋಚನ’ದ ಒಂದು ಸಣ್ಣ ರೀಲು ಯಾರದಾದರೂ ಮನೇಲಿ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಇವತ್ತು ನಾವು ಅಂದುಕೊಳ್ಳೋದಿಲ್ಲವಾ?

ಕೊನೆಗೆ ಸ್ಯಾಬಿನ್ ಮೇಷ್ಟ್ರು ಬರೆದಿಟ್ಟ ಒಂದು ಲೆಕ್ಕ. ಮೆತ್ತೆಗಳನ್ನ ಅಳೆದ ಹಾಗೇ ಆತ ಮನುಷ್ಯರನ್ನೂ ಕೂರಿಸಿ ಅಳೆದರು. ಒಬ್ಬ ಮನುಷ್ಯ ಸುಮಾರು ಆರು ಮೆತ್ತೆಗಳಷ್ಟು ಶಬ್ದ ಹೀರುತ್ತಾನೆ ಅಂತ ಗೊತ್ತಾಯ್ತು. ನಾಲ್ಕು ಜನ ಬಂದು ಕೂತರೆ ಇಪ್ಪತ್ತನಾಲ್ಕು ಮೆತ್ತೆ. ಕೆಳಗಿನ ಮನೆಯವರಿಗೆ ಶಬ್ದ ಕೇಳುತ್ತೆ ಅನ್ನೋ ಚಿಂತೆ ಇದ್ದರೆ, ಅವರನ್ನೇ ಮೇಲಕ್ಕೆ ಕರೆದುಬಿಡಿ.